ಫೋರ್‌ಮನ್ನನ ಕಾರಿಗೆ ಹಿಡಿದ ಚಳಿ

ಹನ್ನೊಂದು ವರ್ಷದ ಮೇಲೆ ಬಸ್ ಡಿಪೋದ ಹಳೇ ಫೋರ್‌ಮನ್ ತಾನಾಗಿಯೇ ಡೀಸೆಲಕ್ಕನ ರಿಪೇರಿ ಶೆಡ್ಡಿಗೆ ಬಂದ. ಅದು ಯಾರದೆಂದು ಅವನಿಗೆ ಗೊತ್ತಿರಲಿಲ್ಲ. ಯಾವುದೋ ವ್ಯಾನಿನ ಅಡಿಯಿಂದ ಅವಳು ಹೊರಳಿ ಎದ್ದಾಗ ಅವನ ಮುಖ ಹುಳ್ಳಗಾಯಿತು. ಆದರೂ ತಿರುಗಿ ಹೋಗಲಿಲ್ಲ. ಬೇರೆ ನಾಲ್ಕು ಗ್ಯಾರೇಜಿನವರು ಅವನ ಹಳೇ ಡೀಸೆಲ್ ಕಾರನ್ನು ನೋಡಿ ಆಗಲೇ ಕೈ ತೊಳೆದುಕೊಂಡಿದ್ದರು.

“ನೋಡಮ್ಮ, ಬೆಳಿಗ್ಗೆ ಚಳೀಲಿ ಸ್ಟಾರ್ಟೇ ಆಗಲ್ಲ. ಹೇಗೋ ಸ್ಟಾರ್ಟ್ ಆದ್ರೂ ಬಿಳೀ ಹೊಗೆ ಕಾರ್ಕೊಂಡು ಗಡಗಡ ನಡುಗತ್ತೆ. ಹತ್ತು ನಿಮಿಷ ಕಳೀತೋ, ಏನೂ ಆಗೇ ಇಲ್ಲ ಅನ್ನೋ ಹಾಗೆ ಓಡತ್ತೆ. ಗ್ಯಾರೇಜಿಗೆ ತರೋ ಹೊತ್ತಿಗೆ ಬಿಸಿಯಾಗಿರತ್ತಲ್ಲ, ನನ್ನ ಮಾತು ಯಾರೂ ನಂಬಲ್ಲ.”

ಯಾರೂ ನಂಬಲ್ಲ ಎಂಬ ಮಾತು ಡೀಸೆಲಕ್ಕನ ಕಿವಿಗೆ ಜೇನು ಸುರಿದಂತೆ ಬಿತ್ತು.

ಹನ್ನೊಂದು ವರ್ಷದ ಹಿಂದೆ, ಬಸ್ ಡಿಪೋದಲ್ಲಿ ಇವನ ಕೈಕೆಳಗೆ ಅವಳೊಬ್ಬಳೇ ಹೆಣ್ಣು ಮೆಕ್ಯಾನಿಕ್ ಆಗಿದ್ದ ಕಾಲವದು. ಒಂದು ಬಸ್ಸಿನ ಆಯಿಲ್ ಇಳಿಸುವ ನಟ್ಟಿನ ಥ್ರೆಡ್ಡು ಸವೆದಿತ್ತು. ಹೊಸದು ತರಿಸಿ ಎಂದು ಅವಳು ಫೋರ್‌ಮನ್ನನಿಗೆ ಬಾಯಿಬಿಟ್ಟು ಹೇಳಿದ್ದಳು. “ಇವತ್ತಿಗೆ ಹಂಗೇ ಹಾಕು, ಗಾಡಿ ಹೊರಡಬೇಕು” ಎಂದಿದ್ದ ಅವನು. ಅರ್ಧ ದಾರಿಯಲ್ಲಿ ನಟ್ಟು ಕಳಚಿತು, ಆಯಿಲ್ ಪೂರ್ತಿ ಸೋರಿ ಎಂಜಿನ್ ಜಾಮಾಯಿತು. ವಿಚಾರಣೆಯ ದಿನ ಫೋರ್‌ಮನ್ ತಲೆ ಎತ್ತದೆ, “ಅವಳು ನಂಗೆ ಹೇಳೇ ಇಲ್ಲ ಸಾರ್. ಹೇಳಿದೆ ಅನ್ನೋದು ಅವಳ ಭ್ರಮೆ” ಎಂದ. ಅವಳ ಕೆಲಸ ಹೋಯಿತು. ಅದಕ್ಕಿಂತ ಹೆಚ್ಚು ನೋಯಿಸಿದ್ದು ಅವಳ ಅಮ್ಮ. “ನಿಜವಾಗ್ಲೂ ಹೇಳಿದ್ಯೇನೇ? ಸರಿಯಾಗಿ ನೆನಪು ಮಾಡ್ಕೋ” ಎಂದು ತಿಂಗಳುಗಟ್ಟಲೆ ಕೇಳಿದಳು. ಕೇಳಿ ಕೇಳಿ ಡೀಸೆಲಕ್ಕನಿಗೇ ಅನುಮಾನ ಹತ್ತಿತು.

“ರಾತ್ರಿ ಗಾಡಿ ಇಲ್ಲೇ ಇರ್ಲಿ ಸರ್. ಪೂರ್ತಿ ತಣ್ಣಗಾಗ್ಬೇಕು. ಬೆಳಿಗ್ಗೆ ಆರಕ್ಕೆ ಬನ್ನಿ, ನಿಮ್ಮೆದುರಿಗೇ ನೋಡೋಣ” ಎಂದಳು. ಯಾವ ಒಳ್ಳೆಯ ಮೆಕ್ಯಾನಿಕ್ಕಾದರೂ ಹೇಳುವ ಮಾತೇ ಅದು.

ಕಾಯಿಲೆ ಅವಳಿಗೆ ಆಗಲೇ ಗೊತ್ತಾಗಿತ್ತು. ಚಳಿಯಲ್ಲಿ ಡೀಸೆಲ್ ಹೊತ್ತಿಕೊಳ್ಳಲು ಸಿಲಿಂಡರನ್ನು ಮೊದಲೇ ಕಾಯಿಸುವ ಹೀಟರ್ ಪ್ಲಗ್ಗುಗಳಿರುತ್ತವೆ. ಅವನು ಹೋದ ಮೇಲೆ ನಾಲ್ಕನ್ನೂ ಬಿಚ್ಚಿ ಬ್ಯಾಟರಿಗೆ ಹಿಡಿದಳು. ಎರಡು ಕೆಂಡದಂತೆ ಕೆಂಪಾದವು. ಇನ್ನೆರಡು ಇದ್ದಿಲಿನಂತೆ ಕಪ್ಪಗೇ ಉಳಿದವು. ನಾಲ್ಕನ್ನೂ ಇದ್ದಲ್ಲೇ ಹಾಕಿ ಬಿಗಿದು ಮನೆಗೆ ಹೋದಳು.

ಮರುದಿನ ಐದಕ್ಕೇ ಬಂದು, ಕಾರು ಕೆಮ್ಮಿ ನಡುಗಿ ಹೊಗೆಯುಗುಳಿ ತಹಬಂದಿಗೆ ಬರುವ ತನಕ ಓಡಿಸಿದಳು. ಹೊಗೆ ಹೊರಹೋಗಲು ಬಾಗಿಲು ತೆರೆದಿಟ್ಟು ಎಂಜಿನ್ ಆರಿಸಿದಳು. ಆರಕ್ಕೆ ಫೋರ್‌ಮನ್ ಮಫ್ಲರ್ ಸುತ್ತಿಕೊಂಡು ನಡೆದುಬಂದ. ನೇರ ಹೋಗಿ ಸ್ಟಿಯರಿಂಗ್ ಹಿಂದೆ ಕೂತು ಕೀಲಿ ತಿರುಗಿಸಿದ. ಕಾರು ಒಂದೇ ಏಟಿಗೆ ಸ್ಟಾರ್ಟಾಯಿತು.

“ಏನೂ ಇಲ್ವಲ್ಲ ಸರ್” ಎಂದಳು ಡೀಸೆಲಕ್ಕ. “ನಿಮ್ಮ ಭ್ರಮೆ ಇರ್ಬೇಕು.”

ಗಾಡಿ ಇನ್ನೊಂದು ರಾತ್ರಿ ಶೆಡ್ಡಿನಲ್ಲೇ ಉಳಿಯಿತು. ಎರಡನೆಯ ಬೆಳಗೂ ಅಷ್ಟೇ. ಆ ದಿನ ಅವನು ಇಳಿಯದೆ ಬಹಳ ಹೊತ್ತು ಸೀಟಿನಲ್ಲೇ ಕೂತಿದ್ದ. “ಮನೇಲಿ ನಡುಗ್ತಿತ್ತು. ನಿಜ ಹೇಳ್ತಿದ್ದೀನಿ” ಎಂದ. ಅಂದು ಮಧ್ಯಾಹ್ನ ಡೀಸೆಲಕ್ಕ ಒಂದು ತುತ್ತು ಹೆಚ್ಚೇ ಉಂಡಳು.

ಮೂರನೆಯ ಬೆಳಿಗ್ಗೆ ಅವನ ಜೊತೆ ಹೆಂಡತಿಯೂ ಬಂದಿದ್ದಳು, ತೆಳ್ಳಗಿನ, ಮಾತು ಕಡಿಮೆಯ ಹೆಂಗಸು. ಅವನು ಕೀಲಿ ತಿರುಗಿಸುವ ಮೊದಲೇ ಅವಳು ಚಳಿಗೆ ಮರಗಟ್ಟಿದ ಕೈಗಳನ್ನು ಬಾನೆಟ್ಟಿನ ಮೇಲೆ ಊರಿದಳು.

“ಅಯ್ಯೋ, ಬೆಚ್ಚಗಿದೆಯಲ್ರೀ!”

ಫೋರ್‌ಮನ್ ಇಳಿದು ಬಂದ. ತಾನೂ ಮುಟ್ಟಿ ನೋಡಿದ. ಆಮೇಲೆ ಡೀಸೆಲಕ್ಕನ ಮುಖ ನೋಡಿದ.

“ಹೌದು, ನಾನೇ ಬಿಸಿ ಮಾಡಿದ್ದು” ಎಂದಳು ಅವಳು. “ಮೂರು ದಿನದಿಂದ. ನಿಮಗೆ ಮೂರೇ ದಿನ ಸರ್. ನನ್ನ ತಲೆ ನೆಟ್ಟಗಿದೆ ಅಂತ ನಂಬೋಕೆ ನಂಗೆ ಮೂರು ವರ್ಷ ಹಿಡೀತು. ಈಗ ಅಮ್ಮಾವ್ರ ಎದುರಿಗೆ ಹೇಳಿ. ಆ ನಟ್ಟಿನ ವಿಷಯ ನಾನು ಹೇಳಿದ್ನೋ, ಇಲ್ವೋ?”

ಅವನು ಮಫ್ಲರಿನ ತುದಿ ತಿರುಚುತ್ತ ನಿಂತ.

“ನೀನು ಹೇಳಿದ್ದೆ” ಎಂದ ಕೊನೆಗೆ.

“ಏನ್ರೀ ಅದು?” ಎಂದು ಹೆಂಡತಿ ಕೇಳಿದಳು. ಅವನು ಎಲ್ಲವನ್ನೂ ನಿಂತಲ್ಲೇ ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡು ಡೀಸೆಲಕ್ಕನತ್ತ ತಿರುಗಿದಳು.

“ಇವರು ಮಾಡಿದ್ದು ಅನ್ಯಾಯವೇ ತಾಯಿ. ಆದ್ರೆ ಇವರಪ್ಪಂಗೆ ಕೊನೆಗಾಲದಲ್ಲಿ ಬುದ್ಧಿ ಭ್ರಮಣೆ ಆಗಿತ್ತು. ನಂಗೂ ಅದೇ ಶುರುವಾಯ್ತು ಅಂತ ಇವರು ನಿನ್ನೆ ಮಗು ಥರ ಅತ್ತರು. ಪಕ್ಕದಲ್ಲಿ ಕೂತು ನಾನೂ ಅತ್ತೆ. ನಾನೇನು ಮಾಡಿದ್ದೆ ನಿಂಗೆ?”

ತಪ್ಪಾಯ್ತು ಎನ್ನಲು ಡೀಸೆಲಕ್ಕನ ನಾಲಿಗೆ ಹೊರಳಲಿಲ್ಲ.

“ಎರಡು ಪ್ಲಗ್ ಸುಟ್ಟಿವೆ” ಎಂದಳು. “ಈಗ ಹೇಳಿದ್ದನ್ನ ಕಾಗದದಲ್ಲಿ ಬರೆದು ಸಹಿ ಮಾಡ್ಲಿ. ಆಮೇಲೆ ಹೊಸದು ಹಾಕ್ತೀನಿ.”

ಅವನು ಟೂಲ್ ಬೆಂಚಿನ ಮೇಲೆ ಬಗ್ಗಿ, ಮರಗಟ್ಟಿದ ಬೆರಳಿನಲ್ಲಿ ಬರೆದುಕೊಟ್ಟ. ಅವಳು ಒಂದೊಂದು ಸಾಲನ್ನೂ ಓದಿ ಮಡಚಿ ಜೇಬಿಗಿಟ್ಟುಕೊಂಡಳು. ಅದೇ ದಿನ ಪ್ಲಗ್ ಹಾಕಿದಳು. ನಾಲ್ಕನೆಯ ಬೆಳಿಗ್ಗೆ, ಕಾರು ನಿಜಕ್ಕೂ ಕಲ್ಲಿನಂತೆ ತಣ್ಣಗಿದ್ದಾಗ, ಅವನೆದುರಿಗೇ ಸ್ಟಾರ್ಟ್ ಮಾಡಿಸಿದಳು. ಹೊಗೆಯಿಲ್ಲ, ನಡುಕವಿಲ್ಲ. ಅವನು ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟ. ಇಬ್ಬರೂ ತಿರುಗಿ ನೋಡಲಿಲ್ಲ.

ಡೀಸೆಲಕ್ಕ ಮನೆಗೆ ಹೋಗಿ ಕಾಗದವನ್ನು ಅಮ್ಮನ ಕೈಯಲ್ಲಿಟ್ಟಳು. ಅಮ್ಮ ಕನ್ನಡಕ ಹುಡುಕಿ ಹಾಕಿಕೊಂಡು ಎರಡು ಸಲ ಓದಿದಳು.

“ನಾನೂ ನಿನ್ನ ನಂಬಲಿಲ್ಲ, ಅಲ್ವೇನೇ?”

“ಇಲ್ಲಮ್ಮ, ನಂಬಲಿಲ್ಲ” ಎಂದು ಡೀಸೆಲಕ್ಕ ಚಪ್ಪಲಿ ಮೆಟ್ಟಿ ಕೆಲಸಕ್ಕೆ ನಡೆದಳು.