ಆರುನೂರು ಗ್ರಾಂ ಸುಳ್ಳು

ನಾನು ಒಂದು ತಕ್ಕಡಿ. ಕಿರಾಣಿ ಅಂಗಡಿಯದಲ್ಲ, ಕೂಸುಗಳನ್ನು ತೂಗುವ ತಕ್ಕಡಿ. ಗಡಿಯಾರದಂಥ ಮುಖ, ಒಂದೇ ಮುಳ್ಳು, ಕೆಳಗೊಂದು ಕೊಕ್ಕೆ. ಕಾರ್ಖಾನೆಯಲ್ಲಿ ನನ್ನನ್ನು ಪರೀಕ್ಷಿಸಿದಾಗ ಕೂದಲೆಳೆಯಷ್ಟೂ ತಪ್ಪಲಿಲ್ಲ. ಅಂದಿನಿಂದ ನನಗೆ ಸ್ವಲ್ಪ ಜಂಬ.

ಕೊಪ್ಪಳದ ಕಡೆಯ ಹಳ್ಳಿಯೊಂದರ ಅಂಗನವಾಡಿ ಕಾರ್ಯಕರ್ತೆ ದುರುಗಮ್ಮ ನನ್ನನ್ನು ತೊಲೆಗೆ ನೇತುಹಾಕಿದಳು. ಅವಳದು ಮೆತ್ತನೆ ಕರುಳು. ಚಳಿಗಾಲದಲ್ಲಿ ತೆಳು ಬಟ್ಟೆಯ ಜೋಲಿಗೆ ಹಾಕಿದರೆ ಕೂಸುಗಳು ಅಳುತ್ತವೆಂದು ಹಳೆ ಸೀರೆಗಳ ದಪ್ಪ ಕೌದಿ ಹೊಲಿದು ಅದನ್ನೇ ಜೋಲಿ ಮಾಡಿದಳು. ಅಳು ನಿಂತಿತು. ಆದರೆ ಜೋಲಿ ಬದಲಾದರೆ ಮುಳ್ಳನ್ನು ಮತ್ತೆ ಸೊನ್ನೆಗೆ ತರಬೇಕೆಂಬುದು ಅವಳಿಗೆ ಹೊಳೆಯಲಿಲ್ಲ. ಮೂರು ತಿಂಗಳು ನಾನು ಕೂಸಿನ ಜೊತೆ ಕೌದಿಯನ್ನೂ ತೂಗಿದೆ. ಬಾಯಿದ್ದರೆ ಕೂಗಿ ಹೇಳುತ್ತಿದ್ದೆ.

ಮೇಲ್ವಿಚಾರಕಿ ಮೆಹರುನ್ನಿಸಾ ಬಂದಾಗ ದುರುಗಮ್ಮ ಹೆಮ್ಮೆಯಿಂದ ತೂಕದ ಪುಸ್ತಕ ಮುಂದಿಟ್ಟಳು. ತೂಕ ತೀರಾ ಕಡಿಮೆಯಾಗಿ ಕೆಂಪು ಗೆರೆಗಿಳಿದ ಕೂಸು ಊರಲ್ಲಿ ಒಂದೂ ಇರಲಿಲ್ಲ. ಮೇಡಂ ಪುಸ್ತಕ ಮುಟ್ಟದೆ ನನ್ನ ಮುಖ ನೋಡಿದರು. ಖಾಲಿ ಜೋಲಿಗೇ ಮುಳ್ಳು ಆರುನೂರು ಗ್ರಾಂ ತೋರಿಸುತ್ತಿತ್ತು. ಅಲ್ಲಿ ಸೇರಿದ್ದ ತಾಯಂದಿರೆದುರು ಅವರು ಬೈಯಲಿಲ್ಲ. ದುರುಗಮ್ಮನ ಕೈಯಿಂದಲೇ ತಿರುಪು ತಿರುಗಿಸಿ ಮುಳ್ಳನ್ನು ಸೊನ್ನೆಗೆ ತರಿಸಿ, ಒಂದು ವರ್ಷದ ಹುಲಿಗೆಮ್ಮನನ್ನು ಮತ್ತೆ ತೂಗಿಸಿದರು. ಹಿಂದಿನ ವಾರ ಆರು ಕಿಲೋ ಏಳುನೂರು ಇದ್ದವಳು ಈಗ ಆರು ಕಿಲೋ ನೂರು, ಸೀದಾ ಕೆಂಪು. ಕೂಡಲೇ ತಾಲ್ಲೂಕು ಆಸ್ಪತ್ರೆಯ ಪೌಷ್ಟಿಕ ಕೇಂದ್ರಕ್ಕೆ ಸೇರಿಸದಿದ್ದರೆ ಕೂಸು ಉಳಿಯುವುದು ಕಷ್ಟ ಎಂದರು ಮೇಡಂ.

ತಾಯಿ ದೇವಕ್ಕ ಕೂಸನ್ನು ಎದೆಗವಚಿಕೊಂಡಳು. “ಹೋದ ವಾರ ಚಲೋ ಐತಿ ಅಂದ್ರಿ. ಈಗ ದವಾಖಾನಿ ಅಂತೀರಿ. ಯಾವುದು ಖರೆ?”

ದುರುಗಮ್ಮ ಮೇಡಂ ಕಡೆ ನೋಡಿದಳು. ಉತ್ತರ ಅವಳೇ ಕೊಡಬೇಕಿತ್ತು.

“ಇವತ್ತಿಂದು ಖರೆ, ಯಕ್ಕಾ. ಹೋದ ವಾರದ್ದು ನನ್ನ ತಪ್ಪು. ನಡಿ, ನಾನೂ ನಿನ್ನ ಜೋಡಿ ಬರ್ತೀನಿ.”

ದೇವಕ್ಕ ಚಪ್ಪಲಿ ಮೆಟ್ಟಿದಳು.

ಅವರನ್ನು ಸೇರಿಸಿ ಬಂದ ದುರುಗಮ್ಮ ಮಾರನೆಯ ದಿನ ನನ್ನನ್ನು ಹೆಗಲಿಗೇರಿಸಿ ಮನೆಮನೆಗೆ ಹೊರಟಳು. ಪ್ರತಿ ಹೊಸ್ತಿಲಲ್ಲೂ ತನ್ನ ತಪ್ಪು ಹೇಳಿ ಮತ್ತೆ ತೂಗಿದಳು. ಇನ್ನೂ ಮೂರು ಕೂಸು ಕೆಂಪಿನಲ್ಲಿ ಸಿಕ್ಕವು. ಮೇಡಂ ಜೊತೆಗೇ ನಡೆದರು. ಎರಡು ವಾರಕ್ಕೆ ಹುಲಿಗೆಮ್ಮ ಏಳು ಕಿಲೋ ಆಗಿ ಬಂದಾಗ ನನ್ನ ಮುಳ್ಳು ಸಂತೋಷದಿಂದ ನಡುಗಿತು.

ಅದಾಗಿ ಎಂಟು ವರ್ಷ ಕಳೆದು, ಈಗ ಅಂಗನವಾಡಿಗೆ ಅಂಕಿ ಬೆಳಗುವ ಹೊಸ ತೂಕದ ಯಂತ್ರ ಬಂದಿದೆ. ನಾನು ಸುಮ್ಮನೆ ತೊಲೆಯಲ್ಲಿದ್ದೆ. ಮೊನ್ನೆ ತಮ್ಮನನ್ನು ಬಿಡಲು ಬಂದ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ನನ್ನ ಕೊಕ್ಕೆಗೆ ಜೋತುಬಿದ್ದಳು. ಇಪ್ಪತ್ತೈದು ಕಿಲೋ ದಾಟಿದರೆ ನನ್ನಿಂದಾಗದು. ಸ್ಪ್ರಿಂಗು ಕಿತ್ತುಬಂತು. ದುರುಗಮ್ಮ ಓಡಿಬಂದವಳು ಬೈಯಲಿಲ್ಲ, ನಕ್ಕೇಬಿಟ್ಟಳು.

ಇನ್ನು ನಾನು ಯಾವ ಕೂಸನ್ನೂ ತೂಗಲಾರೆ. ಕಪಾಟಿನ ಮೇಲೆ ಹಾಯಾಗಿದ್ದೇನೆ. ನನ್ನನ್ನು ಮುರಿದವಳು ಹುಲಿಗೆಮ್ಮ.