ಬೆರಳಿಗೆ ಸಿಗುವ ಕಾರ್ಡು

ಟ್ಯಾಂಕಣ್ಣ ಮುಖ ಗಂಟಿಕ್ಕಿಕೊಂಡೇ ಪ್ರೆಸ್ಸಿಗೆ ಬಂದ. ಮನೆಮನೆಯ ನೀರಿನ ಟ್ಯಾಂಕು ತೊಳೆದುಕೊಡುವ ಆಸಾಮಿ. ಕಾರ್ಡಿನ ಡಬ್ಬಿಯೊಂದನ್ನು ಮೇಜಿನ ಮೇಲೆ ಕುಕ್ಕಿ, ಹಳೇ ಕಾರ್ಡು ಮುಗಿದವೆಂದು ಇವತ್ತು ಹೊಸ ಡಬ್ಬಿ ಬಿಚ್ಚಿದರೆ ಒಳಗೆ ಯಾರದೋ ಹೆಸರಿದೆ ಎಂದ. ಅದಕ್ಕಿಂತ ದೊಡ್ಡ ತಲೆನೋವು ಅವನಿಗೆ ಬೇರೆಯೇ ಇತ್ತು.

"ಒಂದು ತಿಂಗಳಿಂದ ಯಾರ್ಯಾರೋ ಫೋನ್ ಮಾಡಿ ಸೊಂಟ ನೋವು, ಯಾವಾಗ ಬರ್ಲಿ ಅಂತಾರೆ. ನಾನೇನು ಪೈಪ್ ಹಿಡಿದು ಅವರ ಸೊಂಟ ತೊಳೀಲಾ?"

ಪ್ರೆಸ್ಸಿನವನು ಡಬ್ಬಿಯೊಳಗೆ ಇಣುಕಿದ. ಅವನ ಸ್ವಂತ ಅಕ್ಕನ ಕಾರ್ಡುಗಳು! ಟ್ಯಾಂಕಣ್ಣನವೂ ಅಕ್ಕನವೂ ಒಂದೇ ದಿನ ಅಚ್ಚಾಗಿದ್ದವು; ಒಂದೇ ಅಳತೆ, ಒಂದೇ ಕಾಗದ. ಡಬ್ಬಿಗೆ ಚೀಟಿ ಅಂಟಿಸಲು ಈ ಮಹಾಶಯನಿಗೆ ಸೋಮಾರಿತನ. ಡಬ್ಬಿ ಅದಲುಬದಲಾಗಿ ಟ್ಯಾಂಕಣ್ಣನ ಕಾರ್ಡುಗಳು ಅಕ್ಕನ ಕೈ ಸೇರಿದ್ದವು.

ಅಕ್ಕನಿಗೆ ಹುಟ್ಟಿನಿಂದಲೇ ಕಣ್ಣು ಕಾಣದು. ಫಿಸಿಯೋಥೆರಪಿ ಕಲಿತು, ಮನೆಯ ಮುಂದಿನ ಕೋಣೆಯಲ್ಲಿ ಮಂಚ ಹಾಕಿಸಿ ಚಿಕಿತ್ಸೆ ಶುರುಮಾಡಿದ್ದಳು. ಹೋದಲ್ಲೆಲ್ಲ ಕಾರ್ಡು ಹಂಚಿದ್ದಳು; ಇಸಿದುಕೊಂಡವರು ಓದದೆಯೇ ಜೇಬಿಗಿಳಿಸಿದ್ದರು. ಒಬ್ಬರೂ ಬರಲಿಲ್ಲ. ಕಣ್ಣಿಲ್ಲದವಳ ಕೈಗೆ ಯಾರು ಮೈ ಕೊಡುತ್ತಾರೆ, ಆ ಮಂಚ ಮಾರಿಬಿಡು ಎಂದು ನಿನ್ನೆಯಷ್ಟೇ ತಮ್ಮನಿಗೆ ಹೇಳಿದ್ದಳು. ಅವನು ಹೂಂಗುಟ್ಟಿದ್ದ.

ಈಗ ಬಾಯಿ ಬಿಡದೆ ವಿಧಿಯಿರಲಿಲ್ಲ. ಮನೆಗೆ ಹೋಗಿ ಎಲ್ಲ ಹೇಳಿ, ಬೈಗುಳಕ್ಕೆ ತಯಾರಾಗಿ ನಿಂತ. ಅಕ್ಕ ಬೈಯುವ ಬದಲು ಕೇಳಿದಳು.

"ಅಂದ್ರೆ, ಜನ ಫೋನ್ ಮಾಡಿದಾರೆ?"

"ದಿನಾ ಮಾಡ್ತಾರಂತೆ ಅಕ್ಕಾ."

ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವನಿಗೆ ಹೋದ ಜೀವ ಬಂದಂತಾಯಿತು. ನಗು ನಿಂತ ಮೇಲೆ ಅವನ ಕಿವಿ ಹಿಂಡಿ, ಇನ್ನು ನಿನ್ನ ಕಣ್ಣನ್ನು ನಂಬಿ ಕೂರುವುದಿಲ್ಲ ಎಂದು ಪ್ರೆಸ್ಸಿಗೆ ಹೊರಟಳು.

ಬ್ರೈಲ್ ಬರೆಯುವ ಪಟ್ಟಿಯನ್ನೂ ಮೊನೆಗಡ್ಡಿಯನ್ನೂ ಜೊತೆಗೇ ತಂದಿದ್ದಳು. ಡಬ್ಬಿಯಲ್ಲಿದ್ದ ತನ್ನ ಒಂದೊಂದು ಕಾರ್ಡನ್ನೂ ಬೋರಲು ಹಾಕಿ, ಬಲದಿಂದ ಎಡಕ್ಕೆ ಟಕಟಕ ಚುಚ್ಚಿದಳು. ತಿರುಗಿಸಿದರೆ ಅಚ್ಚಿನ ಹೆಸರು, ನಂಬರುಗಳ ಮೇಲೆ ಅದೇ ಹೆಸರು, ನಂಬರು ಚುಕ್ಕಿಗಳಾಗಿ ಎದ್ದಿದ್ದವು. ತಮ್ಮ ಜೋಡಿಸುತ್ತಾ ಹೋದ. ಕಾರ್ಡು ಸುರುಟದಿರಲೆಂದು ಕಬ್ಬಿಣದ ತೂಕ ಹೇರುವುದು ಅವನ ಅಭ್ಯಾಸ. ತೂಕ ಕೈಗೆತ್ತಿಕೊಂಡ ಮೇಲೆ ಚುಕ್ಕಿಗಳು ಚಪ್ಪಟೆಯಾದಾವೆಂಬ ನೆನಪಾಗಿ, ನಾಲಿಗೆ ಕಚ್ಚಿಕೊಂಡು ಅದನ್ನು ಪಕ್ಕಕ್ಕಿಟ್ಟ.

ಪ್ರೆಸ್ಸಿನಲ್ಲೇ ಕಾದಿದ್ದ ಟ್ಯಾಂಕಣ್ಣ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅವನ ಕೋಪವೆಲ್ಲ ಇಳಿದಿತ್ತು. ಫೋನ್ ಮಾಡಿದವರಿಗೆಲ್ಲ ತಾನೇ ಸರಿಯಾದ ನಂಬರು ತಿಳಿಸುತ್ತೇನೆ ಎಂದ. ಆಮೇಲೆ ಸ್ವಲ್ಪ ತಡವರಿಸಿದ.

"ದಿನಾ ಟ್ಯಾಂಕೊಳಗೆ ಬಗ್ಗೀ ಬಗ್ಗೀ ನಂಗೂ ಸೊಂಟ ಹಿಡ್ಕೊಂಡಿದೆ ಅಕ್ಕಾ. ನಾಳೆ ಬರ್ಲಾ?"

ಅಕ್ಕ ಮೇಲಿನ ಕಾರ್ಡು ಎತ್ತಿಕೊಂಡಳು. ಅದರ ಮೇಲೆ ನಿಧಾನವಾಗಿ ಬೆರಳಾಡಿಸಿ, ಆಮೇಲಷ್ಟೇ ಕೈ ಚಾಚಿದಳು.

"ಬನ್ನಿ. ಇದು ನಂದೇ ಕಾರ್ಡು."