ಅಕ್ಕಿಯ ಮೇಲೆ ಅಮೈಯಾ

ಅಕ್ಕಿ ಎಷ್ಟು ತಣ್ಣಗಿದೆ, ತಟ್ಟೆ ತುಂಬ ಬಿಳಿ, ಗಂಡ ಸಂಪತ್ ಉಂಗುರದಿಂದ ಗೀರಿದ ಹೆಸರು, ನಿವೇದಿತಾ, ಆಗಲೇ ಅಂಚಿನಲ್ಲಿ ಕುಸಿಯುತ್ತಿದೆ, ಊರ್ಮಿಳಾ, ನೀನೂ ಒಂದ್ಸಲ ತಿದ್ದಮ್ಮ, ಬೇಗ, ನಾನು ವೀಕೆಂಡ್ ಪುರೋಹಿತ, ಸೋಮವಾರ ಆಫೀಸಿನಲ್ಲಿ ಟೆಸ್ಟಿಂಗ್ ಲೀಡ್, ಸುಬ್ಬಣ್ಣ ಅಂಕಲ್ ಮಾತಿಗೆ ಎಲ್ಲರೂ ನಗುತ್ತಾರೆ, ತೊಟ್ಟಿಲಲ್ಲಿ ಹನ್ನೆರಡು ದಿನದ ಮಗಳು ಮುಷ್ಟಿ ಬಿಚ್ಚುತ್ತಾಳೆ, ಬರಿಯ ಮಣಿಕಟ್ಟು — ಇವಳ ಕೈಯ ಆಸ್ಪತ್ರೆ ಪಟ್ಟಿ ಬಿಚ್ಚಿ ಕಳಿಸಿದರು, ಅವಳದನ್ನು ಬಿಚ್ಚಲೇ ಇಲ್ಲ. ನಾಲ್ಕು ವರ್ಷವಾಯಿತು, ಸಿಡ್ನಿ, ಪ್ಯಾರಮಟ್ಟಾದ ಬಾಡಿಗೆ ಮನೆಯಿಂದ ಟ್ಯಾಕ್ಸಿಯಲ್ಲಿ ಹೋದ ಆಸ್ಪತ್ರೆ, ಮೊದಲ ಮಗಳು, ಪ್ಲಾಸ್ಟಿಕ್ ಪಟ್ಟಿಯ ಮೇಲೆ ಊರ್ಮಿಳಾಳ ಮಗು, ಅದರ ಕೆಳಗೆ ಹೆಸರಿಗೆಂದು ಬಿಟ್ಟ ಗೆರೆ, ಏನು ಬರೆಯಲಿ ಎಂದು ನರ್ಸ್ ಕೇಳಿದಳು, ನಮ್ಮಲ್ಲಿ ಹನ್ನೊಂದು ದಿನ ಕಳೆಯದೆ ಹೆಸರಿಡುವುದಿಲ್ಲ ಎಂದೆ, ಫೋನಿನಲ್ಲಿ ಅಮ್ಮನೂ ಅದನ್ನೇ, ಅವಸರ ಮಾಡ್ಬೇಡ ಕಣೇ, ದೃಷ್ಟಿಯಾಗತ್ತೆ. ನಿನ್ನ ಹೆಸರೇನು ಎಂದು ನಾನು ನರ್ಸನ್ನು ಕೇಳಿದೆ. ಅಮೈಯಾ, ಬಾಸ್ಕ್ ಹೆಸರು, ಸ್ಪೇನಿನ ಉತ್ತರದಲ್ಲಿ ನಮ್ಮವರ ಭಾಷೆ, ಅರ್ಥ ಕೊನೆ, ಅಂತ್ಯ — ಐದನೆಯ ಹೆಣ್ಣು ನಾನು, ಅಪ್ಪನಿಗೆ ಸಾಕಾಗಿತ್ತು, ಎಂದಳು. ಅಯ್ಯೋ, ನಮ್ಮ ಸೋದರತ್ತೆ ಸಾಕಮ್ಮನ ಹಾಗೆಯೇ, ಇನ್ನು ಹೆಣ್ಣು ಸಾಕೆಂದು ಇಟ್ಟ ಹೆಸರು, ಹೊಲಿಗೆ ನೋಯುವಷ್ಟು ನಕ್ಕೆವು. ಮೂರನೆಯ ದಿನ ಮಗುವಿನ ಉಸಿರು ನಿಂತಿತು. ಅಮೈಯಾ ಬಂದು ಮಂಚದ ತುದಿಯಲ್ಲಿ ಕೂತಳು, ಈಗಲಾದರೂ ಕರೆಯಲು ಒಂದು ಹೆಸರು ಹೇಳು ಎಂದಳು, ನಾನು ಗೋಡೆ ನೋಡಿದೆ, ಹನ್ನೊಂದು ದಿನ ಆಗಿರಲಿಲ್ಲವಲ್ಲ, ಇನ್ನು ಯಾರ ದೃಷ್ಟಿಗೆ ಹೆದರಬೇಕಿತ್ತು, ಸಂಪತ್ ಆಸ್ಪತ್ರೆಯ ಕಾಗದಕ್ಕೆ ಸಹಿ ಹಾಕಿದ, ಮಗಳು ಪಟ್ಟಿಯೊಂದಿಗೇ ಹೋದಳು. ಆಮೇಲೆ ಮೆಲ್ಬರ್ನ್, ವಿಂಡಮ್ ವೇಲ್‌ನ ಈ ಹೊಸ ಮನೆ, ಪಾತ್ರೆ ತೊಳೆಯುವಾಗ ಬೆನ್ನ ಹಿಂದೆ ಯಾರೋ ನಿಂತಂತಾಗಿ ಕರೆಯಬೇಕೆಂದರೆ ಬಾಯಿಗೆ ಬರುವುದು ಅದೊಂದೇ, ಇನ್ನೊಬ್ಬಳ ಹೆಸರು, ಅಮೈಯಾ, ಇವತ್ತು ಬರೆಯದಿದ್ದರೆ ಆ ಮೊದಲ ಮಗಳಿಗಾಗಿ ಇನ್ನೆಂದೂ ಯಾರೂ ಅಕ್ಕಿ ಹರಡುವುದಿಲ್ಲ, ಬರೆದರೆ ಇವಳ ತಟ್ಟೆಯಲ್ಲಿ, ಉಸಿರಾಡುವವಳ ತಟ್ಟೆಯಲ್ಲಿ, ಅಂತ್ಯವೆಂದು ಬರೆದಂತೆ — ಬೆರಳು ನಿವೇದಿತಾಳ ಕೆಳಗೆ ಇಳಿಯುತ್ತದೆ, ಅ, ಮೈ, ಯಾ. ಅದೇನಮ್ಮ, ನಕ್ಷತ್ರದ ಹೆಸರಾ? ಸುಬ್ಬಣ್ಣ ಅಂಕಲ್ ಬಗ್ಗಿ ನೋಡುತ್ತಾರೆ, ಸಂಪತ್ ಓದುತ್ತಾನೆ, ಅವನಿಗೆ ಗೊತ್ತು, ನಿದ್ದೆಯಲ್ಲಿ ನಾನು ಕರೆಯುವುದನ್ನು ಕೇಳಿದ್ದಾನೆ, ಏನಿಲ್ಲ ಅಂಕಲ್, ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಇವ್ಳು, ಆಮೇಲೆ ನನ್ನ ಕಿವಿಯ ಹತ್ತಿರ, ಬೇಡ ಊರ್ಮಿ, ತಟ್ಟೆಯನ್ನು ತುಸು ಓರೆ ಮಾಡುತ್ತಾನೆ, ಅಕ್ಕಿ ಜಾರುತ್ತದೆ, ಎರಡು ಹೆಸರೂ ಜಾರುತ್ತವೆ, ಬಿಳಿ, ಸಮ, ಖಾಲಿ — ಆ ಪುಟ್ಟ ಮಣಿಕಟ್ಟು, ಪಟ್ಟಿ, ಊರ್ಮಿಳಾಳ ಮಗು, ಅದರ ಕೆಳಗೆ ಗೆರೆ, ಗೆರೆಯ ಮೇಲೆ ಏನೂ ಇಲ್ಲ.